ದೇಹಬಲ ಮತ್ತು ಅಹಿಂಸೆ: ಪೂರಕ ಆಹಾರಗಳ ಇತಿಹಾಸದಿಂದ ಕಲಿಯಬೇಕಾದುದು

ಧರ್ಮಸಾಧನೆಗೆ ದೇಹವು ಉಪಕರಣವೆಂಬುದನ್ನು ನಮ್ಮ ಆಚಾರ್ಯರು ಎಂದೂ ಅಲ್ಲಗಳೆದಿಲ್ಲ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಧ್ಯಾನದ ಲಕ್ಷಣವನ್ನು ಹೇಳುವಾಗ ಉತ್ತಮ ಸಂಹನನವುಳ್ಳವನನ್ನೇ ಮುಂದಿಟ್ಟುಕೊಂಡು ಹೇಳುತ್ತದೆ. ಬಾಹುಬಲಿ ಎಂಬ ಹೆಸರೇ ತೋಳ್ಬಲವನ್ನು ಸಾರುವಂಥದು. ಆದುದರಿಂದ ವ್ಯಾಯಾಮವಾಗಲಿ, ದೇಹಪುಷ್ಟಿಯಾಗಲಿ ಶ್ರಾವಕನಿಗೆ ನಿಷಿದ್ಧವಲ್ಲ. ಆ ಬಲವನ್ನು ಯಾವುದರಿಂದ, ಯಾರ ಪ್ರಾಣದ ಬೆಲೆಗೆ ಪಡೆಯುತ್ತೇವೆ ಎಂಬುದಷ್ಟೇ ಪ್ರಶ್ನೆ.

ಈ ಪ್ರಶ್ನೆ ಇಂದು ಮನೆಮನೆಯ ಅಡುಗೆಕೋಣೆಯನ್ನು ಪ್ರವೇಶಿಸಿದೆ. ವ್ಯಾಯಾಮಶಾಲೆಗೆ ಹೋಗುವ ಮಗ ಅಥವಾ ಮಗಳು ದೊಡ್ಡ ಡಬ್ಬಿಯ ಪುಡಿ, ಮಾತ್ರೆ, ಕ್ಯಾಪ್ಸೂಲುಗಳನ್ನು ತರುತ್ತಾರೆ. ಮೊಟ್ಟೆ ಮಾಂಸಗಳಿಲ್ಲದೆ ದೇಹ ಬೆಳೆಯದು ಎಂಬ ಮಾತು ಅವರ ಕಿವಿಗೆ ದಿನವೂ ಬೀಳುತ್ತದೆ. ಹಿರಿಯರು ಡಬ್ಬಿಯಲ್ಲೇನಿದೆಯೆಂದು ಓದಿ ನೋಡದೆ ಅದನ್ನು ಹೊರಗಿಡೆನ್ನುತ್ತಾರೆ. ಕಿರಿಯರು ಅಷ್ಟೇ ಓದದೆ ಅದನ್ನು ಸೇವಿಸುತ್ತಾರೆ. ಇವರ ನಡುವೆ ವ್ರತವೂ ಕೆಡಬಹುದು, ಆರೋಗ್ಯವೂ ಕೆಡಬಹುದು. ಈ ವಾದ ಹೊಸದೇನಲ್ಲ. ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಅದು ರೂಪ ಬದಲಿಸಿಕೊಂಡು ಮರಳಿ ಮರಳಿ ಬಂದಿದೆ, ಅದಕ್ಕೆ ಉತ್ತರವೂ ದೊರೆಯುತ್ತ ಬಂದಿದೆ. ಆ ಇತಿಹಾಸವನ್ನು ಅರಿತರೆ ಎರಡೂ ಪೀಳಿಗೆಗಳು ಒಂದೇ ಮಣೆಯ ಮೇಲೆ ಕುಳಿತು ಮಾತಾಡಬಹುದು.

ಕಲ್ಯಾಣಕಾರಕದ ನಿಲುವು

ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಆಯಾ ಗುಣಕ್ಕೆ ಯಾವ ವಸ್ತು ಶ್ರೇಷ್ಠವೆಂದು ಹೇಳುವ ಪಟ್ಟಿಯೊಂದಿದೆ. ಜೀವನೀಯಗಳಲ್ಲಿ ಹಾಲು ಶ್ರೇಷ್ಠ. ದೇಹಕ್ಕೆ ಸ್ಥಿರತೆಯನ್ನು ಕೊಡುವವುಗಳಲ್ಲಿ ವ್ಯಾಯಾಮ ಶ್ರೇಷ್ಠ. ದೇಹವನ್ನು ತುಂಬಿಸುವ ಬೃಂಹಣದಲ್ಲಿ ಮಾಂಸ ಶ್ರೇಷ್ಠ ಎಂದು ಅಲ್ಲಿ ಹೇಳಿದೆ. ಆ ಕಾಲದ ವೈದ್ಯರಲ್ಲಿ ಇದು ಬಹುಮಟ್ಟಿಗೆ ಒಪ್ಪಿತವಾದ ಮತವಾಗಿತ್ತು. ಬಲಹೀನನಿಗೆ ಮಾಂಸರಸವನ್ನು ವಿಧಿಸುವುದು ಸಾಮಾನ್ಯವಾಗಿತ್ತು.

ಇದಕ್ಕೆ ಕನ್ನಡ ನಾಡಿನ ರಾಜಸಭೆಯಲ್ಲಿಯೇ ಪ್ರತಿವಾದ ನಡೆಯಿತೆಂಬುದು ನಮ್ಮ ಪರಂಪರೆಯ ಹೆಮ್ಮೆ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ಶ್ರೀನಂದಿ ಗುರುಗಳ ಶಿಷ್ಯರು. ಅವರು ಸಂಸ್ಕೃತದಲ್ಲಿ ರಚಿಸಿದ ‘ಕಲ್ಯಾಣಕಾರಕ’ವು ಪ್ರಾಣಾವಾಯವೆಂಬ ಜೈನ ವೈದ್ಯಪರಂಪರೆಯಲ್ಲಿ ಇಂದಿಗೂ ಉಳಿದಿರುವ ಪ್ರಮುಖ ಗ್ರಂಥ. ಮದ್ಯ, ಮಾಂಸ, ಮಧು ಎಂಬ ಮಕಾರತ್ರಯವನ್ನು ಬಿಟ್ಟು ಚಿಕಿತ್ಸೆಯನ್ನು ನಿರೂಪಿಸುವುದು ಅದರ ವೈಶಿಷ್ಟ್ಯ. ಗ್ರಂಥದ ಕೊನೆಯಲ್ಲಿ ಸೇರಿಸಿದ ‘ಹಿತಾಹಿತಾಧ್ಯಾಯ’ವು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ (814–878) ಸಭೆಯಲ್ಲಿ, ವೈದ್ಯರ ಸಮ್ಮುಖದಲ್ಲಿ, ಔಷಧವಾಗಿ ಮಾಂಸದ ನಿರರ್ಥಕತೆಯನ್ನು ಕುರಿತು ಮಾಡಿದ ಪ್ರತಿಪಾದನೆಯೆಂದು ಗ್ರಂಥವೇ ಹೇಳುತ್ತದೆ. ಈ ಕೃತಿಯನ್ನು ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು 1940ರಲ್ಲಿ ಸೊಲ್ಲಾಪುರದಿಂದ ಹಿಂದೀ ಅನುವಾದದೊಡನೆ ಪ್ರಕಟಿಸಿದರು. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ವೈದ್ಯಗ್ರಂಥವನ್ನು ‘ಕರ್ಣಾಟಕ ಕಲ್ಯಾಣಕಾರಕ’ವೆಂದು ಕನ್ನಡಕ್ಕೆ ತಂದಾಗಲೂ ಮದ್ಯಮಾಂಸಗಳಿಲ್ಲದ ಚಿಕಿತ್ಸೆಯೇ ಅದರ ನಿಯಮವಾಗಿತ್ತು.

ಉಗ್ರಾದಿತ್ಯರು ‘ಮಾಂಸ ಪಾಪ, ಆದುದರಿಂದ ರೋಗಿ ನರಳಲಿ’ ಎನ್ನಲಿಲ್ಲ. ರೋಗಿಗೆ ಬೇಕಾದ ಗುಣವನ್ನು ಒಪ್ಪಿಕೊಂಡು, ಆ ಗುಣವನ್ನು ಹಿಂಸೆಯಿಲ್ಲದ ಮೂಲದಿಂದ ತಂದುಕೊಡುವ ಹೊಣೆಯನ್ನು ವೈದ್ಯನ ಮೇಲೆ ಹೊರಿಸಿದರು. ಇಪ್ಪತ್ತೈದು ಪರಿಚ್ಛೇದಗಳ ಪರಿಶ್ರಮ ಆ ನಿಷೇಧದ ಬೆನ್ನಿಗಿದೆ. ಬರಿಯ ನಿಷೇಧಕ್ಕೂ ಇದಕ್ಕೂ ಬಹಳ ಅಂತರವಿದೆ.

ಮಾಂಸಸಾರದ ಯುಗ

ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಅದೇ ಹಳೆಯ ಮತ ರಸಾಯನಶಾಸ್ತ್ರದ ಉಡುಪು ತೊಟ್ಟು ಬಂದಿತು. ಜರ್ಮನಿಯ ಪ್ರಖ್ಯಾತ ರಸಾಯನಜ್ಞ ಯೂಸ್ಟಸ್ ಫಾನ್ ಲೀಬಿಗ್ 1842ರ ತನ್ನ ಗ್ರಂಥದಲ್ಲಿ, ದುಡಿಯುವಾಗ ಸ್ನಾಯುವಿನ ಸಸಾರಜನಕ, ಅಂದರೆ ಪ್ರೋಟೀನು, ತಾನೇ ಸವೆದು ಶಕ್ತಿ ಕೊಡುತ್ತದೆಂದು ಪ್ರತಿಪಾದಿಸಿದ. ಹಾಗಾದರೆ ಹೆಚ್ಚು ದುಡಿಯುವವನು ಹೆಚ್ಚು ಮಾಂಸ ತಿನ್ನಲೇಬೇಕು ಎಂಬ ತೀರ್ಮಾನ ತಾನಾಗಿ ಹೊರಟಿತು. ಲೀಬಿಗ್‌ನ ಹೆಸರಿನ ಮಾಂಸಸಾರದ ಕಂಪನಿ 1865ರಲ್ಲಿ ಸ್ಥಾಪನೆಯಾಗಿ, ದಕ್ಷಿಣ ಅಮೆರಿಕದ ಉರುಗ್ವೆಯ ಫ್ರೇ ಬೆಂಟೋಸ್ ಎಂಬಲ್ಲಿ ದನಗಳನ್ನು ಕೊಂದು ಸಾರವನ್ನು ಜಾಡಿಗಳಲ್ಲಿ ತುಂಬಿ ಜಗತ್ತಿಗೆ ಮಾರಿತು. ಒಂದು ಕಿಲೋ ಸಾರಕ್ಕೆ ಸುಮಾರು 30 ಕಿಲೋ ಮಾಂಸ ಬೇಕಾಗುತ್ತಿತ್ತು. ಬಲವರ್ಧಕವೆಂದು ಹೆಸರಾದ ಆ ಸಾರದಲ್ಲಿ ಪೋಷಕಾಂಶವೇ ಅತ್ಯಲ್ಪವೆಂಬುದು ಕೆಲವೇ ವರ್ಷಗಳಲ್ಲಿ ವಿದ್ವಾಂಸರಿಗೆ ತಿಳಿಯಿತು. ಆದರೆ ಮಾರಾಟ ನಿಲ್ಲಲಿಲ್ಲ.

ಇದಕ್ಕೂ ಮೊದಲೇ ಪ್ಯಾರಿಸ್ಸಿನಲ್ಲಿ ಎಲುಬಿನಿಂದ ತೆಗೆದ ಜೆಲಟಿನ್ ಸಾರನ್ನು ಬಡವರಿಗೂ ರೋಗಿಗಳಿಗೂ ಮಾಂಸಕ್ಕೆ ಬದಲಾಗಿ ಉಣಿಸುತ್ತಿದ್ದರು. ಮಾಜಂಡಿ ಎಂಬ ಶರೀರಶಾಸ್ತ್ರಜ್ಞನ ಸಮಿತಿ 1841ರಲ್ಲಿ ವರದಿ ಕೊಟ್ಟು, ಜೆಲಟಿನ್ ಒಂದರಿಂದಲೇ ದೇಹಪೋಷಣೆಯಾಗದೆಂದು ತಿಳಿಸಿತು. ಟ್ರಿಪ್ಟೊಫಾನ್ ಎಂಬ ಅತ್ಯಾವಶ್ಯಕ ಅಮೈನೋ ಆಮ್ಲ ಅದರಲ್ಲಿಲ್ಲವೆಂಬುದು ಅನಂತರ ಗೊತ್ತಾದ ಕಾರಣ. ಇಂದು ‘ಕೊಲಾಜನ್’ ಎಂಬ ಹೊಸ ಹೆಸರಿನಿಂದ ಮಾರಾಟವಾಗುತ್ತಿರುವ ಪುಡಿಗಳೂ ಪ್ರಾಣಿಗಳ ಚರ್ಮ, ಎಲುಬು ಅಥವಾ ಮೀನಿನಿಂದಲೇ ಬಂದವು; ಅವುಗಳಲ್ಲಿಯೂ ಇದೇ ಕೊರತೆಯಿದೆ. ಕೊಂಡುಕೊಳ್ಳುವ ಮೊದಲು ಇದನ್ನು ನೆನೆಯಬೇಕು.

ಫೌಲ್‌ಹಾರ್ನ್ ಶಿಖರದ ಉತ್ತರ

ಲೀಬಿಗ್‌ನ ಮತಕ್ಕೆ ಪೆಟ್ಟು ಬಿದ್ದುದು ಒಂದು ಬೆಟ್ಟದ ಮೇಲೆ. ಝೂರಿಕ್ಕಿನ ಪ್ರಾಧ್ಯಾಪಕರಾದ ಫಿಕ್ ಮತ್ತು ವಿಸ್ಲಿಸೇನಸ್ ಎಂಬಿಬ್ಬರು 1865ರ ಆಗಸ್ಟ್ ತಿಂಗಳ ಕೊನೆಯಲ್ಲಿ ಸ್ವಿಟ್ಜರ್ಲೆಂಡಿನ ಫೌಲ್‌ಹಾರ್ನ್ ಶಿಖರವನ್ನು ಏರಿದರು. ಸರೋವರದ ದಡದಿಂದ ಸುಮಾರು 1,950 ಮೀಟರು ಎತ್ತರದ ಏರು ಅದು. ಏರುವ ಹಿಂದಿನ ದಿನದಿಂದಲೇ ಅವರು ಪ್ರೋಟೀನಿರುವ ಆಹಾರವನ್ನು ಬಿಟ್ಟು, ಕೊಬ್ಬಿನಲ್ಲಿ ಕರಿದ ಪಿಷ್ಟದ ಬಿಲ್ಲೆಗಳನ್ನೂ ಸಕ್ಕರೆ ಹಾಕಿದ ಚಹಾವನ್ನೂ ಸೇವಿಸಿದ್ದರು. ಮೂತ್ರದಲ್ಲಿ ಹೊರಬಿದ್ದ ಸಾರಜನಕವನ್ನು ಅಳೆದು, ದೇಹದಲ್ಲಿ ಎಷ್ಟು ಪ್ರೋಟೀನು ಸವೆಯಿತೆಂದು ಲೆಕ್ಕ ಹಾಕಿದರು. ಇಂಗ್ಲೆಂಡಿನ ಫ್ರಾಂಕ್‌ಲಂಡ್ 1866ರಲ್ಲಿ ಪ್ರೋಟೀನು ಉರಿದಾಗ ಹುಟ್ಟುವ ಶಾಖವನ್ನು ಅಳೆದು ಆ ಲೆಕ್ಕವನ್ನು ಪೂರ್ಣಗೊಳಿಸಿದ. ಇಬ್ಬರು ತಮ್ಮ ದೇಹಭಾರವನ್ನು ಶಿಖರಕ್ಕೆ ಹೊತ್ತ ಶ್ರಮಕ್ಕೆ ಸವೆದ ಪ್ರೋಟೀನು ಸಾಲದೆಂಬುದು ಸ್ಪಷ್ಟವಾಯಿತು. ದುಡಿಮೆಯ ಇಂಧನ ಮುಖ್ಯವಾಗಿ ಶರ್ಕರಪಿಷ್ಟ ಮತ್ತು ಕೊಬ್ಬಿನಿಂದ ಬರುತ್ತದೆ. ಪ್ರೋಟೀನಿನ ಕೆಲಸ ಕಟ್ಟುವುದು, ಸವೆದುದನ್ನು ಸರಿಪಡಿಸುವುದು. ಅವರು ಶಾಕಾಹಾರಿಗಳಾಗಿರಲಿಲ್ಲ, ಅಹಿಂಸೆಯ ಪ್ರಚಾರವೂ ಅವರ ಉದ್ದೇಶವಾಗಿರಲಿಲ್ಲ. ಆದುದರಿಂದಲೇ ಅವರ ಸಾಕ್ಷ್ಯಕ್ಕೆ ಹೆಚ್ಚಿನ ತೂಕವಿದೆ.

ಆದರೂ ಎಷ್ಟು ಬೇಕು ಎಂಬ ಪ್ರಶ್ನೆ ಉಳಿಯಿತು. ಮ್ಯೂನಿಕ್ಕಿನ ಫೊಯಿಟ್ ದುಡಿಯುವವನಿಗೆ ದಿನಕ್ಕೆ 118 ಗ್ರಾಂ ಪ್ರೋಟೀನು ಬೇಕೆಂದು ವಿಧಿಸಿದ. ಜನ ಏನು ತಿನ್ನುತ್ತಿದ್ದರೋ ಅದನ್ನು ನೋಡಿ ಹೇಳಿದ ಲೆಕ್ಕ ಅದು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಚಿಟೆಂಡನ್ ಸೈನಿಕರನ್ನೂ ಕ್ರೀಡಾಪಟುಗಳಾದ ವಿದ್ಯಾರ್ಥಿಗಳನ್ನೂ ತಿಂಗಳುಗಟ್ಟಲೆ ಅದರ ಅರ್ಧದಷ್ಟು ಪ್ರೋಟೀನಿನ ಮೇಲೆ ಇಟ್ಟು, ಅವರ ಬಲ ಕುಂದಲಿಲ್ಲ, ಪರೀಕ್ಷೆಗಳಲ್ಲಿ ಹೆಚ್ಚಿತೆಂದು 1904ರಲ್ಲಿ ಪ್ರಕಟಿಸಿದ. ತಿನ್ನುವುದು ಬೇರೆ, ದೇಹಕ್ಕೆ ಬೇಕಾಗುವುದು ಬೇರೆ ಎಂಬ ಈ ವಿವೇಕ ಅವಮೌದರ್ಯ ತಪವನ್ನು ಬಲ್ಲ ನಮಗೆ ಅಪರಿಚಿತವಲ್ಲ.

ಪುಡಿಯ ಡಬ್ಬಿಯ ಹುಟ್ಟು

ಪ್ರೋಟೀನ್ ಪುಡಿ ಮಾಂಸಾಹಾರಿಗಳ ಸೃಷ್ಟಿಯೆಂದು ಭಾವಿಸುವವರಿದ್ದಾರೆ. ಇತಿಹಾಸ ಹಾಗೆ ಹೇಳುವುದಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಪ್ರಚಾರಕ್ಕೆ ಬಂದ ‘ಪ್ಲಾಸ್ಮಾನ್’ ಹಾಲಿನ ಪ್ರೋಟೀನಿನ ಪುಡಿ. ದೇಹದಾರ್ಢ್ಯಕ್ಕೆ ಹೆಸರಾದ ಯೂಜಿನ್ ಸ್ಯಾಂಡೋ ಅದನ್ನು ಹೊಗಳಿದ. ಆತ 1904–05ರಲ್ಲಿ ಭಾರತದಲ್ಲೂ ಸಂಚರಿಸಿದ. 1908ರ ಒಲಿಂಪಿಕ್ಸಿನಲ್ಲಿ ರಾಜಟೆನಿಸ್ ಆಟಕ್ಕೆ ಬೆಳ್ಳಿಯ ಪದಕ ಪಡೆದ ಯೂಸ್ಟಸ್ ಮೈಲ್ಸ್ ಮಾಂಸವನ್ನು ತ್ಯಜಿಸಿದ ಕ್ರೀಡಾಪಟು. ಲಂಡನ್ನಿನಲ್ಲಿ ಮಾಂಸವಿಲ್ಲದ ಭೋಜನಶಾಲೆ ನಡೆಸುತ್ತ ‘ಎಂಪ್ರೋಟ್’ ಎಂಬ ತನ್ನದೇ ಪ್ರೋಟೀನ್ ಪುಡಿಯನ್ನು ಮಾರುತ್ತಿದ್ದ. 1950ರ ದಶಕದಲ್ಲಿ ಅಮೆರಿಕದ ಬಾಬ್ ಹಾಫ್‌ಮನ್ ಭಾರ ಎತ್ತುವವರಿಗಾಗಿ ಸೋಯಾ ಪುಡಿಯನ್ನು ಮಾರುಕಟ್ಟೆಗೆ ತಂದ. ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಎಣ್ಣೆ ತೆಗೆದ ಶೇಂಗಾ ಹಿಟ್ಟು ಮತ್ತು ಕಡಲೆ ಹಿಟ್ಟಿನಿಂದ ‘ವಿವಿಧೋದ್ದೇಶ ಆಹಾರ’ವನ್ನು ಸಿದ್ಧಪಡಿಸಿತು. ಅದರ ಗುರಿ ದೇಹದಾರ್ಢ್ಯವಲ್ಲ, ಬಡಮಕ್ಕಳ ಅಪೌಷ್ಟಿಕತೆಯ ನಿವಾರಣೆ. ಪೂರಕ ಆಹಾರವೆಂಬ ಮಾತಿಗೆ ಇದಕ್ಕಿಂತ ಸಾರ್ಥಕವಾದ ಅರ್ಥವಿಲ್ಲ.

ಈಗ ಬಹು ಪ್ರಚಾರದಲ್ಲಿರುವ ವ್ಹೇ ಪುಡಿ ಚೀಸ್ ತಯಾರಿಕೆಯಲ್ಲಿ ಉಳಿಯುವ ಹಾಲೊಡಕಿನ ತಿಳಿನೀರಿನಿಂದ ಬರುತ್ತದೆ. 1970ರ ದಶಕದಲ್ಲಿ ಸೂಕ್ಷ್ಮ ಪೊರೆಗಳ ಮೂಲಕ ಸೋಸುವ ತಂತ್ರ ಬೆಳೆದ ಮೇಲೆ, ಚೆಲ್ಲುತ್ತಿದ್ದ ನೀರೇ ಬೆಲೆಬಾಳುವ ಸರಕಾಯಿತು. ಇಲ್ಲಿ ಶ್ರಾವಕನು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಹಾಲನ್ನು ಒಡೆಸಿದ್ದು ಯಾವುದು? ಎಳೆಗರುವಿನ ಜಠರದಿಂದ ತೆಗೆದ ರೆನೆಟ್ ಹಿಂದಿನಿಂದ ಬಂದ ಪದ್ಧತಿ. ಸೂಕ್ಷ್ಮಜೀವಿಗಳಿಂದ ಪಡೆದ ಕಿಣ್ವಗಳೂ ಬಳಕೆಯಲ್ಲಿವೆ. 1990ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಹುದುಗಿನ ಕೈಮೋಸಿನ್ ಕರುವಿನ ರೆನೆಟ್ಟನ್ನು ಬಹುಮಟ್ಟಿಗೆ ಹಿಂದಿಕ್ಕಿದೆ. ಡಬ್ಬಿಯ ಮೇಲೆ ‘ಹಾಲಿನ ಪದಾರ್ಥ’ ಎಂದಿದ್ದ ಮಾತ್ರಕ್ಕೆ ಈ ವಿಷಯ ತೀರ್ಮಾನವಾಗದು. ತಯಾರಕನನ್ನು ಕೇಳಿ ತಿಳಿಯಬೇಕು. ಹಾಲಿನ ಉದ್ಯಮದಲ್ಲಿ ಕರುವಿನ ಪಾಲೇನಾಗುತ್ತದೆ ಎಂಬ ಚಿಂತೆಯುಳ್ಳವರಿಗೆ ಸೋಯಾ, ಬಟಾಣಿ, ಕಡಲೆಗಳ ದಾರಿಯಿದೆ.

ಗುಣ ಬೇರೆ, ಮೂಲ ಬೇರೆ

ಕ್ರಿಯಾಟಿನ್ ಎಂಬ ವಸ್ತುವಿನ ಕಥೆ ವಿಶೇಷವಾಗಿ ಮನನೀಯ. ಫ್ರಾನ್ಸಿನ ಶೆವ್ರಲ್ 1832ರಲ್ಲಿ ಅದನ್ನು ಮಾಂಸದಿಂದ ಬೇರ್ಪಡಿಸಿದ. ಮಾಂಸವೆಂಬ ಅರ್ಥದ ಗ್ರೀಕ್ ಪದದಿಂದಲೇ ಹೆಸರಿಟ್ಟ. ಬಾಯಿಯ ಮೂಲಕ ಸೇವಿಸಿದರೆ ಸ್ನಾಯುವಿನಲ್ಲಿ ಅದರ ಸಂಗ್ರಹ ಹೆಚ್ಚುತ್ತದೆಂದು ಹ್ಯಾರಿಸ್, ಸೋಡರ್ಲಂಡ್, ಹುಲ್ಟ್‌ಮನ್ ಎಂಬವರು 1992ರಲ್ಲಿ ತೋರಿಸಿದ ಮೇಲೆ ಅದು ಕ್ರೀಡಾಲೋಕದಲ್ಲಿ ಹರಡಿತು. ಅಲ್ಪಕಾಲದ ಭಾರೀ ಶ್ರಮಕ್ಕೆ ಅದು ನೆರವಾಗುವುದು ಅನೇಕ ಪ್ರಯೋಗಗಳಿಂದ ಸಿದ್ಧವಾಗಿದೆ. ಮಾಂಸ ತಿನ್ನದವರ ಸ್ನಾಯುಗಳಲ್ಲಿ ಅದರ ಪ್ರಮಾಣ ತುಸು ಕಡಿಮೆಯೆಂಬುದೂ ನಿಜ. ಆದರೆ ಇಂದು ಪುಡಿಯಾಗಿ ಮಾರುವ ಕ್ರಿಯಾಟಿನ್ನನ್ನು ಕಾರ್ಖಾನೆಗಳಲ್ಲಿ ಸಾರ್ಕೋಸಿನ್ ಮತ್ತು ಸಯನಮೈಡ್ ಎಂಬ ರಾಸಾಯನಿಕಗಳಿಂದ ತಯಾರಿಸುತ್ತಾರೆ. ಅದರಲ್ಲಿ ಮಾಂಸದ ಸ್ಪರ್ಶವಿಲ್ಲ. ಹೆಸರು ಮಾತ್ರ ಮಾಂಸದ್ದು. ಅದನ್ನೇ ಕ್ಯಾಪ್ಸೂಲಿನಲ್ಲಿ ತುಂಬಿದರೆ ಮಾತು ಬದಲಾಗುತ್ತದೆ. 1834ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಪತ್ರ ಪಡೆದ ಜೆಲಟಿನ್ ಕ್ಯಾಪ್ಸೂಲು ಪ್ರಾಣಿಯ ಚರ್ಮ ಮತ್ತು ಎಲುಬಿನದು. ಒಳಗಿನ ವಸ್ತು ನಿರ್ದೋಷ, ಹೊರಗಿನ ಕವಚ ಸದೋಷ! ಸಸ್ಯದ ಸೆಲ್ಯುಲೋಸಿನ ಕವಚಗಳೂ ದೊರೆಯುತ್ತವೆ. ಆಯ್ಕೆ ನಮ್ಮ ಕೈಯಲ್ಲಿದೆ.

ಜೀವಸತ್ವ ಬಿ-12ರ ಇತಿಹಾಸ ನಮ್ಮಿಂದ ಪ್ರಾಮಾಣಿಕತೆಯನ್ನು ಬೇಡುತ್ತದೆ. ಮಾರಕವಾದ ಒಂದು ಬಗೆಯ ರಕ್ತಹೀನತೆಗೆ ಪ್ರಾಣಿಯ ಯಕೃತ್ತು ಔಷಧವೆಂದು ಅಮೆರಿಕದ ಮೈನಟ್ ಮತ್ತು ಮರ್ಫಿ 1926ರಲ್ಲಿ ತೋರಿಸಿದರು; 1934ರಲ್ಲಿ ವಿಪಲ್‌ನೊಡನೆ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಅಂದು ಮಾಂಸವಾದಿಗಳ ಮಾತೇ ಗೆದ್ದಂತೆ ತೋರಿದ್ದರೆ ಆಶ್ಚರ್ಯವಿಲ್ಲ. 1948ರಲ್ಲಿ ಆ ಗುಣಕಾರಕ ವಸ್ತುವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಡೊರೊತಿ ಹಾಜ್‌ಕಿನ್ ಅದರ ರಚನೆಯನ್ನು ಬಿಡಿಸಿದರು. ಅದನ್ನು ತಯಾರಿಸುವುದು ಪ್ರಾಣಿಯೂ ಅಲ್ಲ, ಸಸ್ಯವೂ ಅಲ್ಲ, ಬ್ಯಾಕ್ಟೀರಿಯಾಗಳೆಂಬುದು ತಿಳಿಯಿತು. ಇಂದಿನ ಬಿ-12 ಮಾತ್ರೆಗಳು ಅವುಗಳ ಹುದುಗಿನಿಂದಲೇ ಬಂದವು. ದಿನಕ್ಕೆ ಬೇಕಾದುದು ಸುಮಾರು 2 ಮೈಕ್ರೋಗ್ರಾಂ ಮಾತ್ರ. ಆದರೆ ಧಾನ್ಯ, ಕಾಳು, ಕಾಯಿಪಲ್ಯಗಳಲ್ಲಿ ಅದು ಇಲ್ಲ. ಹಾಲು ಮೊಸರುಗಳಲ್ಲಿ ಸ್ವಲ್ಪವಿದೆ. ಹಾಲನ್ನೂ ಬಿಟ್ಟವರು, ವೃದ್ಧರು, ಗರ್ಭಿಣಿಯರು ಇದನ್ನು ಅಲಕ್ಷಿಸಿದರೆ ನರಗಳಿಗೆ ಹಾನಿಯಾಗುತ್ತದೆ. ಸೂಕ್ಷ್ಮಜೀವಿಗಳ ಹುದುಗು ಪೂರ್ಣ ನಿರಾರಂಭವಲ್ಲವೆಂದು ಹೇಳುವವರಿರಬಹುದು. ಆದರೆ ಶ್ರಾವಕನ ಅಹಿಂಸಾಣುವ್ರತ ಸಂಕಲ್ಪಪೂರ್ವಕವಾದ ತ್ರಸಹಿಂಸೆಯನ್ನು ಬಿಡಿಸುತ್ತದೆ. ಮೊಸರು ಹೆಪ್ಪುಗಟ್ಟುವುದಕ್ಕೂ ಪಂಚೇಂದ್ರಿಯ ವಧೆಗೂ ಇರುವ ಅಂತರವನ್ನು ಅದು ಬಲ್ಲದು. ಅಹಿಂಸೆಯ ಹೆಸರಿನಲ್ಲಿ ಕೊರತೆಯನ್ನು ಮುಚ್ಚಿಡುವುದರಿಂದ ಅಹಿಂಸೆಗೇ ಅಪಕೀರ್ತಿ.

ಮೂಲವನ್ನು ಹುಡುಕುವ ಕಷ್ಟ ಇನ್ನೂ ಹಲವು ಕಡೆ ಇದೆ. ಡಿ-3 ಜೀವಸತ್ವ ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಮೂಳೆಸಂಧಿಗಳಿಗೆಂದು ಮಾರುವ ಗ್ಲುಕೋಸಮೈನ್ ಬಹುಪಾಲು ಸೀಗಡಿ, ಏಡಿಗಳ ಚಿಪ್ಪಿನದು. ಒಮೆಗಾ-3 ಮೀನಿನೆಣ್ಣೆಯಿಂದಲೂ ಬರುತ್ತದೆ, ನೀರಿನ ಪಾಚಿಯಿಂದಲೂ ಬರುತ್ತದೆ.

ಹಸಿರು ಗುರುತಿನ ಮಿತಿ

ಭಾರತದಲ್ಲಿ 2001ರಿಂದ ಆಹಾರದ ಪೊಟ್ಟಣಗಳ ಮೇಲೆ ಶಾಕಾಹಾರ, ಮಾಂಸಾಹಾರಗಳ ಗುರುತು ಕಡ್ಡಾಯವಾಗಿ ಬಂದಿತು. 2020ರ ನಿಯಮದಿಂದ ಮಾಂಸಾಹಾರದ ಕಂದು ಗುರುತು ತ್ರಿಕೋನವಾಯಿತು. ಘಟಕದ ಪ್ರಮಾಣ ಎಷ್ಟೇ ಅಲ್ಪವಾಗಿರಲಿ, ಅದರ ಮೂಲ ಸಸ್ಯವೋ ಪ್ರಾಣಿಯೋ ಎಂಬುದನ್ನು ಪೂರ್ಣವಾಗಿ ಬಹಿರಂಗಪಡಿಸಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ 2021ರ ಡಿಸೆಂಬರಿನಲ್ಲಿ ಆದೇಶಿಸಿತು. ಇವೆಲ್ಲ ಶ್ರಾವಕನಿಗೆ ದೊಡ್ಡ ಉಪಕಾರ. ಆದರೆ ಹಸಿರು ಗುರುತಿನ ವ್ಯಾಖ್ಯೆಯಲ್ಲಿ ಜೇನು ಮಾಂಸಾಹಾರವಲ್ಲ. ಕಂದಮೂಲಗಳ ವಿಚಾರವಂತೂ ಅದಕ್ಕೆ ಸಂಬಂಧಿಸಿದ್ದೇ ಅಲ್ಲ. ಔಷಧವೆಂದು ಮಾರುವ ಕ್ಯಾಪ್ಸೂಲುಗಳು ಈ ಆಹಾರ ನಿಯಮದ ಹೊರಗಿವೆ. ಆದುದರಿಂದ ಗುರುತನ್ನು ನೋಡಿದ ಮೇಲೂ ಘಟಕಗಳ ಪಟ್ಟಿಯನ್ನು ಓದಬೇಕು. ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಗಳಲ್ಲಿ ಕೊಳ್ಳುವವನ ಕೈಯೂ ಸೇರಿದೆ.

ಎಷ್ಟು, ಯಾವಾಗ?

ಮೂಲ ಶುದ್ಧವಾದ ಮೇಲೂ ಪರಿಮಾಣದ ಪ್ರಶ್ನೆ ಉಳಿಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನನ್ನು ಸೂಚಿಸಿದೆ. ಭಾರವೆತ್ತುವ ವ್ಯಾಯಾಮ ಮಾಡುವವರ ಮೇಲೆ ನಡೆದ 49 ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯೊಂದರಲ್ಲಿ, ಕಿಲೋಗೆ ಸುಮಾರು 1.6 ಗ್ರಾಮಿನಾಚೆ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. 60 ಕಿಲೋ ತೂಕದ ತರುಣನಿಗೆ ಮೊದಲ ಲೆಕ್ಕದಲ್ಲಿ 50 ಗ್ರಾಂ, ಎರಡನೆಯದರಲ್ಲಿ 96 ಗ್ರಾಂ. ದಿನಕ್ಕೆ 300 ಗ್ರಾಂ ಧಾನ್ಯ, 100 ಗ್ರಾಂ ಬೇಳೆಕಾಳು, ಅರ್ಧ ಲೀಟರ್ ಹಾಲು, 50 ಗ್ರಾಂ ಶೇಂಗಾ ಸೇರಿದರೆ ಸುಮಾರು 77 ಗ್ರಾಂ ಆಗುತ್ತದೆ. ಅದಕ್ಕೆ 50 ಗ್ರಾಂ ಸೋಯಾ ಕೂಡಿಸಿದರೆ 95ರ ಸಮೀಪ ಬರುತ್ತದೆ. ದ್ವಿದಳ ದೋಷ ತಗಲದಂತೆ ಹಾಲು ಮೊಸರುಗಳನ್ನು ಬೇರೆ ಹೊತ್ತಿಗೆ ಇಟ್ಟುಕೊಳ್ಳಬಹುದು. ಡಬ್ಬಿ ಅನಿವಾರ್ಯವಲ್ಲ, ಒಂದು ಅನುಕೂಲವಷ್ಟೇ. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳದೆ ಪ್ರೋಟೀನನ್ನು ಹೆಚ್ಚಿಸಬಾರದು.

ವ್ಯಾಯಾಮವಾದ ಅರ್ಧ ಗಂಟೆಯೊಳಗೆ ಪುಡಿ ಕುಡಿಯದಿದ್ದರೆ ಶ್ರಮ ವ್ಯರ್ಥವೆಂಬ ಮಾತೂ ಪ್ರಚಾರದಲ್ಲಿದೆ. ರಾತ್ರಿಭೋಜನ ತ್ಯಾಗವಿರುವ ತರುಣರಿಗೆ ಇದೊಂದು ಧರ್ಮಸಂಕಟ. ಆದರೆ ವ್ಯಾಯಾಮದಿಂದ ಚುರುಕಾದ ಸ್ನಾಯುರಚನೆ ಒಂದು ದಿನದಷ್ಟಾದರೂ ಮುಂದುವರಿಯುತ್ತದೆ. ದಿನದ ಒಟ್ಟು ಪ್ರಮಾಣವೇ ಮುಖ್ಯ, ಗಳಿಗೆಯಲ್ಲ ಎಂಬುದು 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯ ತಾತ್ಪರ್ಯ. ಸೂರ್ಯಾಸ್ತಕ್ಕೆ ಮೊದಲು ಉಂಡು ಸಂಜೆ ವ್ಯಾಯಾಮ ಮಾಡಿ, ಮರುದಿನ ಬೆಳಗ್ಗೆ ಉಣ್ಣುವವನ ದೇಹವೂ ಬೆಳೆಯುತ್ತದೆ. ವ್ರತವನ್ನು ಮುರಿಯಬೇಕಾಗಿಲ್ಲ.

ಡಬ್ಬಿಯ ಮಾತನ್ನು ನಂಬುವಲ್ಲಿಯೂ ಎಚ್ಚರ ಬೇಕು. ಅಮೆರಿಕದ 1994ರ ಕಾಯಿದೆಯು ಪೂರಕ ಆಹಾರಗಳನ್ನು ಮಾರುವ ಮೊದಲು ಅವುಗಳ ಪ್ರಯೋಜನವನ್ನು ಸಾಬೀತುಪಡಿಸಬೇಕೆಂದು ವಿಧಿಸಲಿಲ್ಲ; ಆ ಉದ್ಯಮ ಅಲ್ಲಿಂದ ವಿಪರೀತವಾಗಿ ಬೆಳೆಯಿತು. 13 ದೇಶಗಳಿಂದ ಕೊಂಡ 634 ಪದಾರ್ಥಗಳನ್ನು ಜರ್ಮನಿಯ ಕಲೋನ್ ಪ್ರಯೋಗಾಲಯ ಪರೀಕ್ಷಿಸಿದಾಗ 94ರಲ್ಲಿ ಹೆಸರಿಸದ ಹಾರ್ಮೋನುಗಳು ಕಂಡವೆಂದು 2004ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳ ಪರೀಕ್ಷೆ 2024ರಲ್ಲಿ ಪ್ರಕಟವಾದಾಗ, ಸುಮಾರು ಶೇಕಡಾ 70ರಲ್ಲಿ ಚೀಟಿಯ ಮಾತಿಗೂ ಒಳಗಿನ ಪ್ರೋಟೀನಿಗೂ ತಾಳೆಯಿರಲಿಲ್ಲ. ಇಲ್ಲಿ ಅಹಿಂಸೆಯ ಜೊತೆಗೆ ಸತ್ಯ ಮತ್ತು ಅಚೌರ್ಯಗಳ ಪ್ರಶ್ನೆಯೂ ಇದೆ. ಜೈನ ವ್ಯಾಪಾರಿ ಬಂಧುಗಳು ಈ ಸರಕನ್ನು ಮಾರುವವರಾದರೆ ಆ ಹೊಣೆ ಅವರಿಗೂ ತಗಲುತ್ತದೆ.

ನಮ್ಮ ಕರ್ತವ್ಯ

ಉಗ್ರಾದಿತ್ಯರ ಕಾಲದಿಂದ ಇಂದಿನವರೆಗೆ ಮಾಂಸವಿಲ್ಲದೆ ಬಲವಿಲ್ಲ ಎಂಬ ಮಾತು ಮಾಂಸರಸವಾಗಿ, ಮಾಂಸಸಾರವಾಗಿ, ಯಕೃತ್ತಾಗಿ, ಪುಡಿಯಾಗಿ ನಮ್ಮ ಮುಂದೆ ಬಂದಿದೆ. ಪ್ರತಿಬಾರಿಯೂ ಅದನ್ನು ಸೋಲಿಸಿದ್ದು ಗುಣವನ್ನು ಮೂಲದಿಂದ ಬೇರ್ಪಡಿಸಿ ನೋಡಿದ, ಬೇಕಾದಷ್ಟನ್ನು ಅಳೆದ ತಾಳ್ಮೆ. ನಮ್ಮ ಮನೆಗಳಿಗೂ ಈ ಪರಂಪರೆ ಸಾಕು. ಡಬ್ಬಿಯೊಂದು ಮನೆಗೆ ಬಂದಾಗ ತಂದೆತಾಯಿಯರೂ ಮಕ್ಕಳೂ ಕೂಡಿ ಕೇಳಬೇಕಾದುದು ಮೂರೇ: ಇದರಲ್ಲಿ ಏನಿದೆ? ಅದು ಎಲ್ಲಿಂದ ಬಂದಿದೆ? ನನಗೆ ಎಷ್ಟು ಬೇಕು? ಮೂರನೆಯ ಪ್ರಶ್ನೆಗೆ ಭೋಗೋಪಭೋಗ ಪರಿಮಾಣ ವ್ರತದಲ್ಲಿಯೇ ಸ್ಥಾನವಿದೆ.

ಬಸದಿಗಳ ಟ್ರಸ್ಟುಗಳು ನಡೆಸುವ ವಿದ್ಯಾರ್ಥಿನಿಲಯಗಳಲ್ಲಿ ಈ ಕೆಲಸ ಸುಲಭವಾಗಿ ಆರಂಭವಾಗಬಹುದು. ಬೆಳೆಯುವ ಮಕ್ಕಳ ಊಟದಲ್ಲಿ ಕಾಳು, ಹಾಲು, ಶೇಂಗಾಗಳು ಸಾಕಷ್ಟಿವೆಯೇ ಎಂದು ಲೆಕ್ಕ ಹಾಕುವುದು. ವರ್ಷಕ್ಕೊಮ್ಮೆ ಬಿ-12ರ ಪರೀಕ್ಷೆಗೆ ವೈದ್ಯರನ್ನು ಕರೆಸುವುದು. ಜೆಲಟಿನ್ ಇಲ್ಲದ ಮಾತ್ರೆಗಳ ಪಟ್ಟಿಯೊಂದನ್ನು ಬಲ್ಲವರಿಂದ ಮಾಡಿಸಿ ಫಲಕಕ್ಕೆ ಹಾಕುವುದು. ಸಾಧ್ಯವಾದರೆ ಸೂರ್ಯಾಸ್ತಕ್ಕೆ ಮೊದಲೇ ಮುಗಿಯುವಂತೆ ಊಟವನ್ನೂ ವ್ಯಾಯಾಮವನ್ನೂ ಹೊಂದಿಸುವುದು. ಇವುಗಳಲ್ಲಿ ಯಾವುದಕ್ಕೂ ದೊಡ್ಡ ಖರ್ಚಿಲ್ಲ. ಮಗನಿಗೆ ಬಲವೂ ಬೇಕು, ವ್ರತವೂ ಬೇಕು. ಎರಡರಲ್ಲಿ ಒಂದನ್ನು ಆರಿಸಿಕೊ ಎಂದು ಅವನನ್ನು ಒಂಟಿಯಾಗಿ ಬಿಡುವುದು ಹಿರಿಯರಿಗೆ ತಕ್ಕದ್ದಲ್ಲ.